ಕೆಟ್ಟುದೇನು, ಉಳಿದುದೇನು



ಕಳೆದ ವಾರ ವಯೋವೃದ್ಧೆಯಾದ ತಾಯಿಯೊಬ್ಬರು ದರ್ಶನಕ್ಕೆ ಬಂದಿದ್ದರು. ಅವರ ಮಗನು ದೂರದೇಶದಲ್ಲಿ ಉದ್ಯೋಗದಲ್ಲಿದ್ದಾನೆ; ಮೊಮ್ಮಗುವನ್ನು ನೋಡಲು ತಾಯಿಯು ಅಲ್ಲಿಗೆ ಹೋಗಬೇಕಾಗಿದೆ. ಟಿಕೆಟ್ಟು ಬಂದಿದೆ, ಚಟ್ನಿಪುಡಿಯ ಡಬ್ಬಿ ಕಟ್ಟಿದ್ದಾಗಿದೆ. ಆದರೆ ರಾತ್ರಿ ಕಣ್ಣಿಗೆ ನಿದ್ರೆ ಹತ್ತುತ್ತಿಲ್ಲ. “ಬುದ್ಧೀ, ನೆಲದ ಮೇಲೆ ಬಸ್ಸು ಕೆಟ್ಟರೆ ಇಳಿದು ಮರದ ನೆರಳಿನಲ್ಲಿ ಕೂಡಬಹುದು. ಅಷ್ಟು ಎತ್ತರದಲ್ಲಿ ಯಂತ್ರ ಕೆಟ್ಟರೆ ಅವರೇನು ಮಾಡುತ್ತಾರೆ?” ಎಂದು ಕೇಳಿದರು. ದೇವರ ಮೇಲೆ ಭಾರ ಹಾಕಿ ಹೋಗಿಬನ್ನಿ ತಾಯಿ ಎಂದು ಹೇಳಿ ವಿಭೂತಿಯನ್ನಿತ್ತು ಕಳುಹಿಸುವುದು ನಮಗೆ ಸುಲಭವಾಗಿತ್ತು. ಆದರೆ ಅವರು ಕೇಳಿದುದು ದೇವರು ಏನು ಮಾಡುತ್ತಾನೆಂದಲ್ಲ, ಚಾಲಕರು ಏನು ಮಾಡುತ್ತಾರೆಂದು. ಕೇಳಿದ ಪ್ರಶ್ನೆಯನ್ನು ಬಿಟ್ಟು ಬೇರೆ ಪ್ರಶ್ನೆಗೆ ಉತ್ತರ ಹೇಳುವುದು ಉಪದೇಶಕರ ಹಳೆಯ ಚಾಳಿ. ಆ ತಾಯಿಗೆ ಅಂದು ಹೇಳಿದುದನ್ನು ತುಸು ವಿಸ್ತರಿಸಿ ಇಲ್ಲಿ ನಿವೇದಿಸುತ್ತೇವೆ.

ಮೊದಲು ಧೈರ್ಯದ ಮಾತು. ಎರಡು ಇಂಜಿನುಗಳ ಪ್ರಯಾಣಿಕ ವಿಮಾನವು ಒಂದೇ ಇಂಜಿನಿನಿಂದ ಹಾರಬಲ್ಲದು. ನೆಲವನ್ನು ಬಿಡುವ ಕ್ಷಣದಲ್ಲಿಯೇ ಒಂದು ನಿಂತುಹೋದರೂ ಇನ್ನೊಂದರ ಬಲದಿಂದ ಮೇಲೇರಿ ಸುತ್ತಿ ಬಂದು ಇಳಿಯಬಲ್ಲದು. ಎರಡೂ ನಿಂತರೆ ಕಲ್ಲಿನಂತೆ ಬೀಳುವುದೆಂದು ಜನರು ತಿಳಿದಿದ್ದಾರೆ. ಹಾಗಲ್ಲ, ಹದ್ದು ರೆಕ್ಕೆ ಬಡಿಯದೆ ತೇಲುವಂತೆ ಅದು ತೇಲಿಕೊಂಡು ಇಳಿಯುತ್ತದೆ. 2001ನೆಯ ಇಸವಿ ಆಗಸ್ಟ್ 24ರಂದು ಅಟ್ಲಾಂಟಿಕ್ ಸಾಗರದ ಮೇಲೆ ಇಂಧನವೆಲ್ಲ ಸೋರಿ ಎರಡು ಇಂಜಿನುಗಳೂ ನಿಂತುಹೋದ ಏರ್ ಟ್ರಾನ್ಸಾಟ್ ಸಂಸ್ಥೆಯ ವಿಮಾನವೊಂದು ಸುಮಾರು 120 ಕಿಲೋಮೀಟರು ಹೀಗೆ ತೇಲಿಬಂದು ಅಜೋರ್ಸ್ ದ್ವೀಪದಲ್ಲಿ ಇಳಿಯಿತು. ಅದರಲ್ಲಿದ್ದ 306 ಜನರೂ ಬದುಕಿದರು. ಇದನ್ನು ಹೇಳಿದಾಗ ಆ ತಾಯಿಯ ಮುಖದಲ್ಲಿ ಸ್ವಲ್ಪ ಕಳೆ ಬಂದಿತು. ಆದರೆ ಮುಂದಿನ ಮಾತನ್ನು ಹೇಳದೆ ಬಿಟ್ಟರೆ ಸತ್ಯವನ್ನು ಅರ್ಧ ಹೇಳಿದಂತಾಗುವುದು.

ಯಂತ್ರವು ಕೆಟ್ಟಾಗ ಚಾಲಕನಿಗೆ ಕಲಿಸಿಕೊಟ್ಟಿರುವ ಕ್ರಮವೊಂದಿದೆ. ಮೊದಲು ವಿಮಾನವನ್ನು ಹಾರಿಸು. ಅನಂತರ ಎಲ್ಲಿಗೆ ಹೋಗಬೇಕೆಂಬುದನ್ನು ನಿಶ್ಚಯಿಸು. ಆಮೇಲೆ ನೆಲದವರೊಡನೆ ಮಾತನಾಡು. ಕೆಟ್ಟುದನ್ನು ಸರಿಪಡಿಸುವ ಮಾತು ಈ ಮೂರರಲ್ಲಿ ಎಲ್ಲಿಯೂ ಬರಲಿಲ್ಲವೆಂಬುದನ್ನು ಗಮನಿಸಬೇಕು. ಅದಕ್ಕೆ ಸ್ಥಾನವಿಲ್ಲವೆಂದಲ್ಲ, ಮೊದಲ ಸ್ಥಾನವಿಲ್ಲ. ಹಾರುತ್ತಿರುವ ವಿಮಾನವನ್ನು ಹಾರಿಸು ಎಂದು ಚಾಲಕನಿಗೆ ಬೇರೆಯಾಗಿ ಬೋಧಿಸಬೇಕೆ, ಈಜುವವನಿಗೆ ಮುಳುಗಬೇಡವೆಂದು ಹೇಳಬೇಕೆ ಎಂದು ಯಾರಿಗಾದರೂ ಅನ್ನಿಸೀತು. ಬೋಧಿಸಬೇಕು. ಬೋಧಿಸಬೇಕಾದ ಕಾರಣವನ್ನು ತಿಳಿಯಲು ಐವತ್ತು ವರ್ಷಗಳಿಗೂ ಹಿಂದಿನ ಒಂದು ರಾತ್ರಿಗೆ ಹೋಗಬೇಕು.

1972ನೆಯ ಇಸವಿ ಡಿಸೆಂಬರ್ 29ರ ರಾತ್ರಿ ಈಸ್ಟರ್ನ್ ಏರ್‌ಲೈನ್ಸ್ ಸಂಸ್ಥೆಯ 401ನೆಯ ವಿಮಾನವು ನ್ಯೂಯಾರ್ಕಿನಿಂದ ಹೊರಟು ಮಯಾಮಿ ಪಟ್ಟಣಕ್ಕೆ ಬಂದಿತು. ಹೊಚ್ಚಹೊಸ ವಿಮಾನ, ಅನುಭವಿ ಚಾಲಕರು, ಒಳಗೆ 176 ಜನರು. ಇಳಿಯುವುದಕ್ಕಾಗಿ ಗಾಲಿಗಳನ್ನು ಕೆಳಕ್ಕೆ ಬಿಟ್ಟಾಗ ಅವು ಸರಿಯಾಗಿ ಕುಳಿತವೆಂಬುದಕ್ಕೆ ಚಾಲಕರ ಮುಂದೆ ಹಸಿರು ದೀಪಗಳು ಹೊತ್ತಿಕೊಳ್ಳಬೇಕು. ಮುಂಗಾಲಿಯ ದೀಪವು ಹೊತ್ತಲಿಲ್ಲ. ಗಾಲಿಯೇ ಕೆಳಗಿಳಿದಿಲ್ಲವೋ, ಅಥವಾ ದೀಪವು ಮಾತ್ರ ಕೆಟ್ಟಿದೆಯೋ ತಿಳಿಯದು. ಇಳಿಯುವುದನ್ನು ಬಿಟ್ಟು 2,000 ಅಡಿಗಳ ಎತ್ತರಕ್ಕೇರಿ ಪಶ್ಚಿಮದ ಕಡೆಗೆ ತಿರುಗಿದರು. ಇಲ್ಲಿಯವರೆಗೆ ಮಾಡಿದುದೆಲ್ಲವೂ ಸರಿಯೇ. ಆಟೋಪೈಲಟ್ ಎಂಬ ಸ್ವಯಂಚಾಲಕ ಸಾಧನಕ್ಕೆ ವಿಮಾನವನ್ನು ಒಪ್ಪಿಸಿ ದೀಪದ ವಿಚಾರಕ್ಕೆ ಕೈಹಾಕಿದರು.

ದೀಪದ ಮುಚ್ಚಳವನ್ನು ಕಿತ್ತರು. ಮತ್ತೆ ಕೂಡಿಸಲು ಹೋದಾಗ ಅದು ಅಡ್ಡವಾಗಿ ಸಿಕ್ಕಿಕೊಂಡಿತು. ಒಬ್ಬನು ಅದನ್ನು ಎಳೆಯುವನು, ಇನ್ನೊಬ್ಬನು ಹೀಗಲ್ಲ ಹಾಗೆ ಎನ್ನುವನು. ಫ್ಲೈಟ್ ಇಂಜಿನಿಯರನನ್ನು ನೆಲದಡಿಯ ಗೂಡಿಗೆ ಇಳಿಸಿ ಗಾಲಿಯನ್ನು ಕಣ್ಣಿನಿಂದ ನೋಡಿಬರಲು ಕಳುಹಿಸಿದರು. ಕತ್ತಲೆಯಲ್ಲಿ ಏನೂ ಕಾಣದೆ ಅವನು ಹಿಂದಿರುಗಿ ಬಂದು, ಮತ್ತೆ ಇಳಿದನು. ಈ ಸಡಗರದ ನಡುವೆ ಯಾರದೋ ಮೈಯೊತ್ತು ಚುಕ್ಕಾಣಿಗೆ ಮೆಲ್ಲನೆ ತಗಲಿ, ಎತ್ತರವನ್ನು ಕಾಯುತ್ತಿದ್ದ ಕೀಲು ಸಡಿಲಿತೆಂದು ತನಿಖೆಯವರು ಊಹಿಸಿದರು. ವಿಮಾನವು ಅತಿ ನಿಧಾನವಾಗಿ, ಹೊಟ್ಟೆಯೊಳಗಿನ ನೀರು ಸಹ ಅಲುಗದಷ್ಟು ನಿಧಾನವಾಗಿ ಇಳಿಯತೊಡಗಿತು. ಎತ್ತರವು ತಪ್ಪಿದೆಯೆಂದು ಎಚ್ಚರಿಸುವ ಕಿರುಗಂಟೆಯು ಒಮ್ಮೆ ನುಡಿಯಿತು. ಕೋಣೆಯಲ್ಲಿದ್ದವರಿಗೆ ಕಿವಿಯಿತ್ತು, ಕೇಳಲಿಲ್ಲ. ಕೆಳಗೆ ಮುಸುಕಿದ ಜೌಗುನೆಲ, ಒಂದು ದೀಪವೂ ಇಲ್ಲದ ಕಪ್ಪು. ನಿಲ್ದಾಣದ ನಿಯಂತ್ರಕನ ಪರದೆಯ ಮೇಲೆ 900 ಅಡಿ ಎಂಬ ಅಂಕೆ ಕಂಡಿತು. ಅವನು ಎತ್ತರವೆಂಬ ಮಾತನ್ನೆತ್ತದೆ, ಕೆಲಸ ಹೇಗೆ ಸಾಗಿದೆಯೆಂದಷ್ಟೇ ವಿಚಾರಿಸಿದನು. ಸರಿ, ಹಿಂದಿರುಗುತ್ತೇವೆಂದು ಇವರು ಉತ್ತರವಿತ್ತರು. ಕೆಲವೇ ಕ್ಷಣಗಳಲ್ಲಿ ವಿಮಾನವು ಜೌಗಿಗೆ ಬಡಿಯಿತು. 101 ಜನರು ಸತ್ತರು.

ಮುಂಗಾಲಿಯು ಸರಿಯಾಗಿಯೇ ಕೆಳಗಿಳಿದು ಕುಳಿತಿತ್ತು. ಸುಟ್ಟುಹೋಗಿದ್ದುದು ದೀಪದ ಬಲ್ಬು.

ಬಂಧುಗಳೇ, ಈ ವೃತ್ತಾಂತವನ್ನು ಓದಿದ ದಿನ ನಮಗೆ ಊಟ ರುಚಿಸಲಿಲ್ಲ. ಅಲ್ಲಿ ಮೈಗಳ್ಳರು ಯಾರೂ ಇರಲಿಲ್ಲ, ಕುಡುಕರಿರಲಿಲ್ಲ, ತಮ್ಮ ಕಾಯಕವನ್ನು ತಾತ್ಸಾರ ಮಾಡಿದವರಿರಲಿಲ್ಲ. ಎಲ್ಲರೂ ಶ್ರದ್ಧೆಯಿಂದ ದುಡಿಯುತ್ತಿದ್ದರು, ಆದರೆ ಎಲ್ಲರ ಶ್ರದ್ಧೆಯೂ ಒಂದೇ ಬಲ್ಬಿನ ಮೇಲೆ ಬಿದ್ದಿತ್ತು. ಮರೆವು ಎಂದೊಡನೆ ನಾವು ನಿದ್ರೆಯನ್ನೂ ಸೋಮಾರಿತನವನ್ನೂ ನೆನೆಯುತ್ತೇವೆ. ಎಚ್ಚರದ ವೇಷವನ್ನು ತೊಟ್ಟು ಬರುವ ಮರೆವು ಇನ್ನೊಂದಿದೆ. ಕಣ್ಣು ತೆರೆದಿರುತ್ತದೆ, ಕೈ ಕೆಲಸದಲ್ಲಿರುತ್ತದೆ, ಮನಸ್ಸು ಏಕಾಗ್ರವಾಗಿರುತ್ತದೆ. ಏಕಾಗ್ರತೆಯೇ ಅಲ್ಲಿ ಕುತ್ತು. ಏಕಾಗ್ರತೆಯನ್ನು ಇಷ್ಟು ವರ್ಷ ಈ ಪುಟಗಳಲ್ಲಿ ಹೊಗಳುತ್ತ ಬಂದಿರುವ ನಾವು ಈ ಮಾತನ್ನು ಬರೆಯುವಾಗ ಲೇಖನಿಯನ್ನು ಒಮ್ಮೆ ತಡೆದೆವು. ಆದರೂ ಅದು ನಿಜ.

ಆರು ವರ್ಷಗಳ ತರುವಾಯ, 1978ರ ಡಿಸೆಂಬರ್ 28ರಂದು, ಪೋರ್ಟ್‌ಲೆಂಡ್ ಪಟ್ಟಣದ ಬಳಿ ಇದೇ ಕಥೆ ಇನ್ನೊಂದು ರೂಪದಲ್ಲಿ ನಡೆಯಿತು. ಗಾಲಿಗಳು ದಡಕ್ಕನೆ ಇಳಿದವು, ದೀಪವು ಹೊತ್ತಲಿಲ್ಲ. ಹಿರಿಯ ಚಾಲಕನು ಒಂದು ಗಂಟೆಯ ಹೊತ್ತು ವಿಮಾನವನ್ನು ಸುತ್ತಿಸುತ್ತ ಗಾಲಿಯ ಚಿಂತೆಯಲ್ಲಿ ಮುಳುಗಿದನು. ಇಂಧನವು ಮುಗಿದು ನಾಲ್ಕು ಇಂಜಿನುಗಳೂ ಆರಿದವು. ಹತ್ತು ಜನರು ಸತ್ತರು. ಇಂಧನವು ಕಡಿಮೆಯಾಗುತ್ತಿದೆಯೆಂಬ ಸಂಗತಿ ಕಿರಿಯರಿಗೆ ತಿಳಿಯದೆ ಇರಲಿಲ್ಲ. ಅವರು ಆ ಮಾತನ್ನು ಆಡಿಯೂ ಇದ್ದರು. ಆದರೆ ಹಿರಿಯನ ಮುಂದೆ ಆಡುವ ಹಾಗೆ ಆಡಿದರು, ಮೆತ್ತಗೆ, ಸೂಚನೆಯಂತೆ, ಬಾಗಿಲ ಹೊರಗೆ ನಿಂತು ಕೆಮ್ಮಿದಂತೆ.

ತನಿಖೆ ಮಾಡಿದವರು ಈ ಸಂಕೋಚವನ್ನು ಸಹ ವಿಪತ್ತಿನ ಕಾರಣಗಳಲ್ಲಿ ಒಂದೆಂದು ಬರೆದರು. ಯಂತ್ರದ ದೋಷವನ್ನು ಹುಡುಕಲು ಹೋದವರಿಗೆ ಮನುಷ್ಯರ ನಡುವಣ ದೋಷವು ಸಿಕ್ಕಿತು. 1981ರಿಂದ ಆ ಸಂಸ್ಥೆಯು ತನ್ನ ಚಾಲಕರಿಗೆ ಹೊಸ ಶಿಕ್ಷಣವೊಂದನ್ನು ಆರಂಭಿಸಿತು. ಈಗ ಅದು ಜಗತ್ತಿನ ಎಲ್ಲ ವಿಮಾನಸಂಸ್ಥೆಗಳಲ್ಲಿಯೂ ನಡೆಯುತ್ತದೆ. ಹಿರಿಯನು ಕೇಳಿಸಿಕೊಳ್ಳುವುದನ್ನು ಕಲಿಯಬೇಕು, ಕಿರಿಯನು ಕೇಳಿಸುವಂತೆ ನುಡಿಯುವುದನ್ನು ಕಲಿಯಬೇಕು. ಎರಡನೆಯದು ಸುಲಭವಾದ ಪಾಠವೆಂದು ಭಾವಿಸಬೇಡಿ. ಶರಣರ ಗೋಷ್ಠಿಯಲ್ಲಿ ಜಾಡಮಾಲಿಯೂ ಮಂತ್ರಿಯೂ ಸರಿಸಮವಾಗಿ ಕುಳಿತು ನುಡಿದರೆಂದು ಅಭಿಮಾನದಿಂದ ಹೇಳಿಕೊಳ್ಳುವ ನಮ್ಮ ಸಭೆಗಳಲ್ಲಿಯೇ, ಅಧ್ಯಕ್ಷರು ತಪ್ಪು ತಾರೀಕು ಹೇಳಿದರೆ ತಿದ್ದುವವರು ಎಷ್ಟು ಜನ?

ಹಾಗಾದರೆ ಚಾಲಕರ ಕೋಣೆಯಲ್ಲಿ ಈಗ ನಡೆಯುವುದೇನು? ಯಂತ್ರವೊಂದು ಕೆಟ್ಟಿತೆಂದು ಗಂಟೆ ಬಾರಿಸಿದೊಡನೆ ಇಬ್ಬರಲ್ಲಿ ಒಬ್ಬನು ವಿಮಾನವನ್ನು ಹಾರಿಸುವ ಹೊಣೆಯನ್ನು ಬಾಯಿಬಿಟ್ಟು ಹೇಳಿ ವಹಿಸಿಕೊಳ್ಳುತ್ತಾನೆ. ಅವನ ಕೆಲಸ ಅದೊಂದೇ. ಇನ್ನೊಬ್ಬನು ಚೆಕ್‌ಲಿಸ್ಟ್ ಎಂಬ ಪಟ್ಟಿಯನ್ನು ತೆಗೆದು ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದುತ್ತಾನೆ. ಈ ಪಟ್ಟಿಯ ಹುಟ್ಟಿಗೂ ಒಂದು ಸಾವಿನ ಕಥೆಯಿದೆ. 1935ರ ಅಕ್ಟೋಬರ್ 30ರಂದು ಅಮೆರಿಕದ ಓಹಾಯೊ ಪ್ರಾಂತದಲ್ಲಿ ಬೋಯಿಂಗ್ ಸಂಸ್ಥೆಯ ದೊಡ್ಡ ಹೊಸ ವಿಮಾನವೊಂದು ಪರೀಕ್ಷೆಯ ವೇಳೆಯಲ್ಲಿ ಮೇಲೇರಿ ಬಿದ್ದಿತು; ನಿಂತಿರುವಾಗ ಗಾಳಿಗೆ ಅಲುಗದಂತೆ ಹಾಕಿಡುವ ಬೀಗವನ್ನು ತೆಗೆಯಲು ಅತ್ಯಂತ ನಿಪುಣರಾದ ಚಾಲಕರು ಮರೆತಿದ್ದರು. ಇದರ ಪರಿಹಾರಕ್ಕೆ ಇನ್ನೂ ನಿಪುಣರಾದ ಚಾಲಕರನ್ನು ಹುಡುಕಲಿಲ್ಲ. ನಿಪುಣನೂ ಮರೆಯುತ್ತಾನೆಂದು ಒಪ್ಪಿಕೊಂಡು, ಮಾಡಬೇಕಾದುದನ್ನು ಕಾಗದದ ಮೇಲೆ ಬರೆದಿಟ್ಟರು. ಮೂವತ್ತು ವರ್ಷ ಹಾರಿದವನೂ ಇಂದು ಬೆಳಿಗ್ಗೆ ಸೇರಿದವನೂ ಅದೇ ಸಾಲುಗಳನ್ನು ಓದುತ್ತಾರೆ. ನನಗೆ ಬಾಯಿಪಾಠವಿದೆ ಎಂಬ ಮಾತು ಅಲ್ಲಿ ನಡೆಯದು.

ಆತುರವನ್ನು ತಡೆಯುವುದಕ್ಕೂ ಒಂದು ಕಟ್ಟಳೆಯಿದೆ. ಕೆಟ್ಟ ಇಂಜಿನನ್ನು ನಿಲ್ಲಿಸುವ ಮುನ್ನ ಒಬ್ಬನು ಅದರ ಹಿಡಿಯ ಮೇಲೆ ಕೈಯಿಟ್ಟು, ಇದೇ ತಾನೆ ಎಂದು ಕೇಳಬೇಕು, ಇನ್ನೊಬ್ಬನು ನೋಡಿ, ಅಹುದು ಎನ್ನಬೇಕು, ಅನಂತರವೇ ಎಳೆಯಬೇಕು. 1989ರ ಜನವರಿ 8ರಂದು ಇಂಗ್ಲೆಂಡಿನ ಕೆಗ್ವರ್ತ್ ಎಂಬಲ್ಲಿ ಎಡಗಡೆಯ ಇಂಜಿನು ಕೆಟ್ಟಾಗ ಅವಸರದಲ್ಲಿ ಬಲಗಡೆಯದನ್ನು ನಿಲ್ಲಿಸಿಬಿಟ್ಟರು. ಬಲಗಡೆಯದು ಕೆಟ್ಟಿತ್ತೆಂದು ಚಾಲಕನು ಪ್ರಯಾಣಿಕರಿಗೆ ಸಾರಿದನು. ಎಡಗಡೆಯಲ್ಲಿ ಬೆಂಕಿಯನ್ನು ಕಣ್ಣಾರೆ ಕಂಡಿದ್ದವರು ಹಿಂದೆ ಕುಳಿತಿದ್ದರು. ಅವರಿಗಿಂತ ನಾವು ಬಲ್ಲೆವೆ ಎಂದು ಸುಮ್ಮನಾದರು. 126 ಜನರಲ್ಲಿ 47 ಜನರು ಸತ್ತರು.

ಇಷ್ಟನ್ನು ಕೇಳಿದವರು, ಪಟ್ಟಿಯಲ್ಲಿ ಬರೆಯದೆ ಇರುವ ವಿಪತ್ತು ಬಂದರೆ ಗತಿಯೇನು ಎಂದು ಕೇಳಬಹುದು. ಅಂತಹುದೂ ಬಂದಿದೆ. ಕೆಗ್ವರ್ತ್ ಘಟನೆ ನಡೆದ ವರ್ಷವೇ, ಜುಲೈ 19ರಂದು, ಡೆನ್ವರಿನಿಂದ ಷಿಕಾಗೋ ಪಟ್ಟಣಕ್ಕೆ ಹೋಗುತ್ತಿದ್ದ ಯುನೈಟೆಡ್ ಸಂಸ್ಥೆಯ 232ನೆಯ ವಿಮಾನದ ಬಾಲದಲ್ಲಿದ್ದ ಇಂಜಿನು 37,000 ಅಡಿಗಳ ಎತ್ತರದಲ್ಲಿ ಸಿಡಿಯಿತು. ಅದರ ಚೂರುಗಳು ಮೂರು ಹೈಡ್ರಾಲಿಕ್ ವ್ಯೂಹಗಳನ್ನೂ ಕತ್ತರಿಸಿದವು. ಚುಕ್ಕಾಣಿಯನ್ನು ಎತ್ತ ತಿರುಗಿಸಿದರೂ ರೆಕ್ಕೆಯಾಗಲಿ ಬಾಲವಾಗಲಿ ಅಲುಗದು. ಮೂರು ವ್ಯೂಹಗಳೂ ಒಮ್ಮೆಗೇ ಹೋಗುವುದು ಅಸಂಭವವೆಂದು ನಂಬಿದ್ದುದರಿಂದ ಅದಕ್ಕೆ ಪಟ್ಟಿಯನ್ನೇ ಬರೆದಿರಲಿಲ್ಲ.

ಕ್ಯಾಪ್ಟನ್ ಆಲ್ ಹೇನ್ಸ್ ಎಂಬವರು ಆ ವಿಮಾನದ ಮುಖ್ಯಚಾಲಕರು. ತಮ್ಮ ದೀರ್ಘವಾದ ಅನುಭವದಲ್ಲಿ ಇಂತಹ ವಿಮಾನವನ್ನು ಹಾರಿಸಿದ ಒಂದು ನಿಮಿಷವೂ ಇಲ್ಲ, ಆದುದರಿಂದ ಈ ವಿಷಯದಲ್ಲಿ ಉಳಿದವರಿಗಿಂತ ತಾವು ಹೆಚ್ಚು ಬಲ್ಲವರಲ್ಲ ಎಂಬುದನ್ನು ಅವರು ಆ ಗಳಿಗೆಯಲ್ಲಿಯೇ ಕಂಡುಕೊಂಡರು. ಡೆನಿಸ್ ಫಿಚ್ ಎಂಬ ತರಬೇತಿ ಚಾಲಕರು ಅಂದು ಪ್ರಯಾಣಿಕರಾಗಿ ಕುಳಿತಿದ್ದರು. ಸಹಾಯ ಮಾಡಬಲ್ಲೆನೆಂದು ಹೇಳಿಕಳುಹಿಸಿದಾಗ ಅವರನ್ನು ಒಳಕ್ಕೆ ಕರೆಸಿಕೊಂಡರು. ಉಳಿದುದು ರೆಕ್ಕೆಗಳ ಕೆಳಗಣ ಎರಡು ಇಂಜಿನುಗಳು ಮಾತ್ರ. ಫಿಚ್ ಅವರು ಎರಡು ಆಸನಗಳ ನಡುವೆ ಕುಳಿತು ಎರಡು ಕೈಗಳಲ್ಲಿ ಎರಡು ಥ್ರಾಟಲ್‌ಗಳನ್ನು ಹಿಡಿದರು. ಒಂದರ ವೇಗ ಹೆಚ್ಚಿಸಿ ಇನ್ನೊಂದರದನ್ನು ತಗ್ಗಿಸಿದರೆ ವಿಮಾನವು ತಿರುಗುವುದು. ಎರಡನ್ನೂ ಹೆಚ್ಚಿಸಿದರೆ ಮೂಗು ಮೇಲೇಳುವುದು. ಲಗಾಮಿಲ್ಲದ ಕುದುರೆಯನ್ನು ಮೊಣಕಾಲಿನ ಒತ್ತಿನಿಂದ ನಡೆಸಿದಂತೆ ಮುಕ್ಕಾಲು ಗಂಟೆಯ ಹೊತ್ತು ನಡೆಸಿದರು. ಅದು ಬಲಕ್ಕೇ ಎಳೆಯುತ್ತಿತ್ತು. ಬಲಕ್ಕೇ ಸುತ್ತಿಸುತ್ತ ಸೂ ಸಿಟಿಯ ನಿಲ್ದಾಣದವರೆಗೆ ತಂದರು. ನೆಲ ಮುಟ್ಟುವಾಗ ಒಂದು ರೆಕ್ಕೆ ತಗಲಿ ವಿಮಾನವು ಒಡೆದು ಉರುಳಿತು. 296 ಜನರಲ್ಲಿ 112 ಜನರು ತೀರಿಕೊಂಡರು, 184 ಜನರು ಉಳಿದರು.

ಪವಾಡವೆಂದು ಇದನ್ನು ಕರೆಯಲು ನಮಗೆ ಬಾಯಿ ಬಾರದು. 112 ಮನೆಗಳಲ್ಲಿ ದೀಪ ಆರಿತು. ಹೇನ್ಸ್ ಅವರೂ ಮುಂದೆ ಅದನ್ನು ತಮ್ಮ ಸಾಹಸವೆಂದು ಹೇಳಿಕೊಳ್ಳಲಿಲ್ಲ. ಒಬ್ಬರ ಮಾತನ್ನು ಒಬ್ಬರು ಕೇಳುವ ಆ ಶಿಕ್ಷಣವಿಲ್ಲದಿದ್ದರೆ ಅಲ್ಲಿಯವರೆಗೂ ಬರುತ್ತಿರಲಿಲ್ಲವೆಂದು ಊರೂರಿಗೆ ಹೋಗಿ ಹೇಳಿದರು. ಅದೇ ಸ್ಥಿತಿಯನ್ನು ಅಭ್ಯಾಸಯಂತ್ರದಲ್ಲಿ ನಿರ್ಮಿಸಿ ಬೇರೆ ಚಾಲಕರಿಂದ ಇಳಿಸಿನೋಡಿದಾಗ, ಸುರಕ್ಷಿತವಾಗಿ ಇಳಿಸುವುದನ್ನು ಕಲಿಸುವುದೇ ಸಾಧ್ಯವಲ್ಲವೆಂದು ಪರಿಣತರು ತೀರ್ಮಾನಿಸಿದರು.

ಇನ್ನು ಆ ತಾಯಿಗೆ ನಾವು ಕೊನೆಯಲ್ಲಿ ಹೇಳಿದ ವೃತ್ತಾಂತ. 2010ರ ನವೆಂಬರ್ 4ರಂದು ಕ್ವಾಂಟಸ್ ಸಂಸ್ಥೆಯ 32ನೆಯ ವಿಮಾನವು ಸಿಂಗಪುರದಿಂದ ಸಿಡ್ನಿಗೆ ಹೊರಟಿತು. ಎರಡು ಅಂತಸ್ತಿನ, ನಾಲ್ಕು ಇಂಜಿನುಗಳ ಮಹಾವಿಮಾನ. ಒಳಗೆ 469 ಜನರು. ಮೇಲೇರಿದ ನಾಲ್ಕೈದು ನಿಮಿಷಗಳಲ್ಲಿ ಎರಡನೆಯ ಇಂಜಿನು ಸಿಡಿಯಿತು. ತೈಲ ಸಾಗುವ ಬೆರಳಿನಷ್ಟು ಕಿರಿದಾದ ಕೊಳವೆಯೊಂದರ ಗೋಡೆಯು ತಯಾರಿಕೆಯ ತಪ್ಪಿನಿಂದ ಒಂದು ಕಡೆ ತೆಳ್ಳಗಾಗಿತ್ತು. ಅದು ಬಿರುಕುಬಿಟ್ಟು ತೈಲಕ್ಕೆ ಬೆಂಕಿ ಹತ್ತಿ, ಒಳಗಿನ ಭಾರವಾದ ಚಕ್ರವು ತುಂಡಾಗಿ ರೆಕ್ಕೆಯನ್ನು ತೂರಿಕೊಂಡು ಹೋಯಿತು. ನೂರಾರು ತಂತಿಗಳು ಕತ್ತರಿಸಿದವು. ಚಾಲಕರ ಮುಂದಣ ಪರದೆಯ ಮೇಲೆ ಇದು ಕೆಟ್ಟಿತು, ಅದು ಕೆಟ್ಟಿತು ಎಂಬ ದೂರುಗಳು ಒಂದರ ಮೇಲೊಂದು ಬರತೊಡಗಿದವು. ಒಂದನ್ನು ಓದಿ ಮಾಡಬೇಕಾದುದನ್ನು ಮಾಡಿ ಮುಗಿಸುವುದರೊಳಗಾಗಿ ಇನ್ನೊಂದು ಕಾದಿರುತ್ತಿತ್ತು.

ಆ ದಿನ ಕೋಣೆಯಲ್ಲಿ ಐವರು ಚಾಲಕರಿದ್ದರು. ಮುಖ್ಯಚಾಲಕರಾದ ರಿಚರ್ಡ್ ಡಿ ಕ್ರೆಸ್ಪಿನಿ ಅವರು ವಿಮಾನವನ್ನು ಹಿಡಿದುಕೊಂಡು ಸಿಂಗಪುರದ ಪೂರ್ವಕ್ಕೆ ಸುತ್ತಿಸುತ್ತಿದ್ದರು; ಸಹಚಾಲಕನು ದೂರುಗಳನ್ನು ಒಂದೊಂದಾಗಿ ಓದುತ್ತಿದ್ದನು; ಉಳಿದವರು ಅವನ್ನು ತೂಗಿನೋಡುತ್ತಿದ್ದರು. ಇಳಿಯಲು ಅವಸರಪಡಲಿಲ್ಲ. ಸುಮಾರು ಐವತ್ತು ನಿಮಿಷಗಳು ಕಳೆದವು. ಪಟ್ಟಿಯು ಹೇಳಿದುದನ್ನೆಲ್ಲ ಕಣ್ಣುಮುಚ್ಚಿ ಮಾಡಲೂ ಇಲ್ಲ. ಒಂದು ಕಡೆಯ ಇಂಧನವನ್ನು ಇನ್ನೊಂದು ಕಡೆಗೆ ಹರಿಸು ಎಂದು ಯಂತ್ರವು ಸೂಚಿಸಿದಾಗ, ಹರಿಯುವ ಕೊಳವೆಯೇ ಒಡೆದಿರಬಹುದೆಂದು ಅವರು ಯೋಚಿಸಿ ಆ ಮಾತನ್ನು ಬಿಟ್ಟರು. ಪಟ್ಟಿಗೆ ವಿಧೇಯನಾಗಿರುವುದು ಒಂದು ಪಾಠ. ಅದು ಯಾವ ಉದ್ದೇಶದಿಂದ ಹುಟ್ಟಿತೆಂಬುದನ್ನು ಮರೆಯದಿರುವುದು ಅದಕ್ಕಿಂತ ಕಷ್ಟದ ಪಾಠ.

ದೂರುಗಳು ಮುಗಿಯಲೇ ಇಲ್ಲ. ಆಗ ಡಿ ಕ್ರೆಸ್ಪಿನಿ ಅವರು ತಮ್ಮ ಮನಸ್ಸಿನೊಳಗೆ ಪ್ರಶ್ನೆಯನ್ನು ತಿರುವಿಹಾಕಿದರೆಂದು ತರುವಾಯ ತಾವೇ ಬರೆದಿದ್ದಾರೆ. ಏನೇನು ಕೆಟ್ಟಿದೆಯೆಂದು ಎಣಿಸುವುದನ್ನು ಬಿಟ್ಟು, ಏನೇನು ಉಳಿದಿದೆಯೆಂದು ಎಣಿಸತೊಡಗಿದರು. ಇದು ಮಹಾವಿಮಾನವಲ್ಲ, ತಾವು ಮೊದಲು ಹಾರಲು ಕಲಿಯುವಾಗ ಇದ್ದಂತಹ ಒಂದೇ ಇಂಜಿನಿನ ಪುಟ್ಟ ವಿಮಾನವೆಂದು ಭಾವಿಸಿದರು. ಅದಕ್ಕೆ ಬೇಕಾದುದೇನು? ಇಂಧನ ಬೇಕು, ಇದೆ. ರೆಕ್ಕೆ ಬೇಕು, ಇದೆ. ತಿರುಗಿಸಿದರೆ ತಿರುಗಬೇಕು, ತಿರುಗುತ್ತದೆ. ಬ್ರೇಕು ಬೇಕು, ಅಷ್ಟಿಷ್ಟಿದೆ. ಎಣಿಕೆ ಮುಗಿದಾಗ, ಇಷ್ಟರಿಂದ ಇಳಿಯಬಹುದೆಂದು ತೋರಿತು. ನಾವು ಬೆಳಗಿನ ಪೂಜೆಗೆ ಕುಳಿತಾಗಲೂ ಕಳೆದುಹೋದುದರ ಪಟ್ಟಿಯನ್ನು ಓದುತ್ತೇವಲ್ಲ ಎಂಬ ಆಲೋಚನೆ ಇದನ್ನು ಓದುವಾಗ ನಮಗೆ ಬಂದಿತ್ತು.

ರನ್‌ವೇಯ ಲೆಕ್ಕವನ್ನು ಹಾಕಿದರು. ಮೊದಲ ಸಾರಿ ಯಂತ್ರವು ಉತ್ತರವನ್ನೇ ಕೊಡಲಿಲ್ಲ. ವಿವರಗಳನ್ನು ತಿದ್ದಿ ಮತ್ತೆ ಕೇಳಿದಾಗ 4,000 ಮೀಟರುಗಳ ಹಾದಿಯಲ್ಲಿ ಸುಮಾರು ನೂರು ಮೀಟರು ಮಿಗುವುದೆಂದಿತು. ಇಳಿಯುವ ಮುನ್ನ ಎತ್ತರದಲ್ಲಿಯೇ ವಿಮಾನವನ್ನು ಅತ್ತ ಇತ್ತ ಮೆಲ್ಲನೆ ವಾಲಿಸಿ, ಮಾತು ಕೇಳುವುದೋ ಇಲ್ಲವೋ ಎಂದು ಪರೀಕ್ಷಿಸಿಕೊಂಡರು. ವೇಗವು ತುಸು ಹೆಚ್ಚಿದರೆ ಹಾದಿ ಸಾಲದು, ತುಸು ತಗ್ಗಿದರೆ ರೆಕ್ಕೆ ಎತ್ತದು. ಆ ನಡುವಣ ಕಿರಿದಾದ ಎಡೆಯಲ್ಲಿ ತಂದು ಇಳಿಸಿದರು. ನಾಲ್ಕು ಟೈರುಗಳು ಒಡೆದವು. ಹಾದಿಯ ಕೊನೆಯು ಇನ್ನು 150 ಮೀಟರು ಇರುವಾಗ ವಿಮಾನವು ನಿಂತಿತು.

ಇಲ್ಲಿಗೆ ಮುಗಿಯಿತೆಂದು ಆ ತಾಯಿಯು ಕೈಮುಗಿದರು. ಮುಗಿಯಲಿಲ್ಲ ತಾಯಿ, ಕುಳಿತುಕೊಳ್ಳಿ ಎಂದೆವು. ಬ್ರೇಕುಗಳು ಕೆಂಡವಾಗಿದ್ದವು, ಹರಿದ ರೆಕ್ಕೆಯಿಂದ ಇಂಧನವು ಅವುಗಳ ಬಳಿಯಲ್ಲಿಯೇ ಸುರಿಯುತ್ತಿತ್ತು, ಹೊರಗಡೆಯ ಎಡ ಇಂಜಿನು ತಂತಿ ಕಡಿದುದರಿಂದ ಎಷ್ಟು ಮಾಡಿದರೂ ನಿಲ್ಲದೆ ಮೊರೆಯುತ್ತಿತ್ತು. ಬಾಗಿಲುಗಳನ್ನೆಲ್ಲ ತೆರೆದು ಜಾರುಹಲಗೆಗಳ ಮೇಲೆ ಜನರನ್ನು ಇಳಿಸಿಬಿಡಬೇಕೆಂದು ಯಾರಿಗಾದರೂ ಅನ್ನಿಸುವ ಹೊತ್ತು. ಆದರೆ ಜಾರಿ ಇಳಿದವರಲ್ಲಿ ಮುದುಕರ ಎಲುಬು ಮುರಿಯುವುದು. ಇಳಿದವರು ಇಂಧನದಲ್ಲಿ ಕಾಲಿಡುವರು, ಇಲ್ಲವೆ ತಿರುಗುತ್ತಿರುವ ಇಂಜಿನಿನ ಬಾಯಿಯ ಕಡೆಗೆ ನಡೆಯುವರು. ಐವರೂ ಮಾತನಾಡಿಕೊಂಡು, ಎಲ್ಲರನ್ನೂ ಒಳಗೇ ಕೂಡಿಸಿಕೊಂಡು ಕಾದರು. ಅಗ್ನಿಶಾಮಕ ದಳದವರು ಚಕ್ರಗಳಿಗೆ ನೀರೆರೆದು ಚೆಲ್ಲಿದ ಇಂಧನದ ಮೇಲೆ ನೊರೆಯನ್ನು ಹೊದಿಸಿದರು. ಮೆಟ್ಟಿಲುಗಳು ಬಂದ ಮೇಲೆ ಬಲಗಡೆಯ ಒಂದೇ ಬಾಗಿಲನ್ನು ತೆರೆದು, ಸಾಲಾಗಿ, ಒಬ್ಬೊಬ್ಬರನ್ನಾಗಿ ಇಳಿಸಿದರು. ಕೊನೆಯ ಪ್ರಯಾಣಿಕನು ಇಳಿಯುವಾಗ ವಿಮಾನವು ನಿಂತು ಸುಮಾರು ಎರಡು ಗಂಟೆಗಳಾಗಿದ್ದವು. 469 ಜನರಲ್ಲಿ ಒಬ್ಬರಿಗೂ ಗಾಯವಾಗಲಿಲ್ಲ. ಆ ಇಂಜಿನು ಮಾತ್ರ ಇನ್ನೂ ಒಂದು ಗಂಟೆ ಹಾಗೆಯೇ ತಿರುಗುತ್ತಿತ್ತು. ಕಡೆಗೆ ಅಗ್ನಿಶಾಮಕ ದಳದವರು ಅದರ ಬಾಯಿಗೆ ನೊರೆಯನ್ನು ತುಂಬಿ ಆರಿಸಿದರು.

ತಾಯಿಯು ಮುಂದಿನ ಸೋಮವಾರ ಹೊರಡುತ್ತಾರೆ. ಏಳುವಾಗ ಒಂದೇ ಒಂದು ಮಾತು ಕೇಳಿದರು: “ರೆಕ್ಕೆಯಲ್ಲಿ ಬೆಂಕಿ ಕಂಡರೆ ನಾನು ಕೂಗಿ ಹೇಳಬಹುದೇ, ಬುದ್ಧೀ?” ಹೇಳಿರಿ ತಾಯಿ, ಯಾವ ಕಡೆಯ ರೆಕ್ಕೆಯೆಂಬುದನ್ನೂ ಸೇರಿಸಿ ಹೇಳಿರಿ ಎಂದೆವು.